ಮೂರು ವರ್ಷಕ್ಕೆ ₹3,600 ಹೆಚ್ಚಳ: ಒಪ್ಪಬಹುದೇ?

ಪ್ರಶ್ನೆ: ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯ ಕಾರ್ಮಿಕ ಸಂಘ ನಮ್ಮದು. ಸದಸ್ಯರ ಸಂಬಳ ₹20,000ರ ಆಸುಪಾಸು. ಹೊಸ ವೇತನ ಒಪ್ಪಂದಕ್ಕೆ ಆಡಳಿತ ಮಂಡಳಿ ತುಟ್ಟಿಭತ್ಯೆಯೂ ಸೇರಿ ತಿಂಗಳಿಗೆ ₹3,600 ಹೆಚ್ಚು ಕೊಡುತ್ತೇನೆಂದಿದೆ. ಮೂರು ವರ್ಷದಲ್ಲಿ ಶೇ 50, 25, 25ರ ಕಂತು. ಶೇ 18 ಸಿಕ್ಕಿತೆಂದು ಹಲವರು ಸಹಿಗೆ ಅವಸರ ಮಾಡುತ್ತಿದ್ದಾರೆ. ಏನು ಮಾಡೋಣ?

ಉತ್ತರ: ಈ ರೂಪದಲ್ಲಿ ಸಹಿ ಬೇಡ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೂ ಇಂದಿನ ₹20,000ಕ್ಕೆ ಬರುವ ಸಾಮಾನು ಕೊಳ್ಳಲು ಮೂರು ವರ್ಷದ ಕೊನೆಗೆ ₹23,153 ಬೇಕು. ಅಲ್ಲಿಗೆ ನಿಜವಾಗಿ ಹೆಚ್ಚಿದ್ದು ₹447. ಏರಿಕೆ ಶೇ 6 ಆದರೆ ₹220 ಖೋತಾ.

ಹಾಗಾಗಿ ಮೊದಲು ತುಟ್ಟಿಭತ್ಯೆಯನ್ನು ಹೆಚ್ಚಳದಿಂದ ಬೇರ್ಪಡಿಸಿ, ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಜೋಡಿಸಿ. ಕೇಂದ್ರ ಸರ್ಕಾರದ ಲೇಬರ್ ಬ್ಯೂರೋ ಇದನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ, ಬೆಂಗಳೂರಿನ ಅಂಕಿಯೂ ಪ್ರತ್ಯೇಕವಾಗಿ ಸಿಗುತ್ತದೆ. ಯಾವ ಸರಣಿ (ಅಂದರೆ ಯಾವ ವರ್ಷದ ಬೆಲೆಯನ್ನು 100 ಎಂದಿಟ್ಟು ಎಣಿಸಿದ ಸೂಚ್ಯಂಕ), ಯಾವ ತಿಂಗಳ ಅಂಕಿ, ಪಾಯಿಂಟಿಗೆ ಎಷ್ಟು ರೂಪಾಯಿ, ಎಷ್ಟು ತಿಂಗಳಿಗೊಮ್ಮೆ ಪರಿಷ್ಕರಣೆ ಎಂಬುದೆಲ್ಲ ಒಪ್ಪಂದದಲ್ಲೇ ಇರಬೇಕು. ಎಡವಬಹುದಾದದ್ದು ಸರಣಿಯಲ್ಲಿ. 2016ರ ಸರಣಿಯ ಒಂದು ಪಾಯಿಂಟ್ ಎಂದರೆ 2001ರ ಸರಣಿಯ 2.88 ಪಾಯಿಂಟ್. ಹಳೆಯದರಲ್ಲಿ ಪಾಯಿಂಟಿಗೆ ₹3 ಇದ್ದರೆ ಹೊಸದರಲ್ಲಿ ₹8.64 ಆಗಬೇಕು. ₹3 ಎಂದೇ ಉಳಿಸಿಕೊಂಡರೆ ತುಟ್ಟಿಭತ್ಯೆಯ ಮುಂದಿನ ಏರಿಕೆಯಲ್ಲಿ ಮೂರರಲ್ಲಿ ಎರಡು ಪಾಲು ಹೋದಂತೆ.

ಕಂತನ್ನೂ ಚೌಕಾಸಿ ಮಾಡಿ. ಈಗಿನ ಲೆಕ್ಕದಲ್ಲಿ 36 ತಿಂಗಳಿಗೆ ಒಬ್ಬರ ಕೈಸೇರುವುದು ₹97,200. ಅದೇ ₹3,600ನ್ನು ಶೇ 60, 20, 20 ಮಾಡಿಸಿದರೆ ₹1,03,680.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿಲ್ಲ, ಆದರೆ ಮನೆಮಂದಿಗೆಲ್ಲ ತಟ್ಟುವಂಥದ್ದು. ಮೊದಲ ಕಂತಿಗೇ ಸಂಬಳ ₹21,800 ಆಗಿ ಇಎಸ್‌ಐನ (ನೌಕರರ ಸರ್ಕಾರಿ ವಿಮಾ ಯೋಜನೆಯ) ₹21,000 ಮಿತಿ ದಾಟುತ್ತದೆ. ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ (ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್) ಮುಗಿದ ಮೇಲೆ ವಂತಿಗೆ ನಿಲ್ಲುತ್ತದೆ, ಆಮೇಲೆ ಚಿಕಿತ್ಸೆಯ ಸೌಲಭ್ಯವೂ. ಕಂಪನಿ ಈಗ ₹20,000ಕ್ಕೆ ಶೇ 3.25ರಂತೆ ತಲಾ ₹650 ಕಟ್ಟುತ್ತಿದೆ, ಅದು ಅವರಿಗೆ ಉಳಿತಾಯ. ಕೊಡುವ ₹1,800ರಲ್ಲಿ ಮೂರನೇ ಒಂದು ಪಾಲಿಗೂ ಮಿಕ್ಕಿ ಅಲ್ಲಿಂದಲೇ ಬರುತ್ತದೆ! ಆ ಹಣದಲ್ಲಿ ಇಡೀ ಕುಟುಂಬಕ್ಕೆ ಆರೋಗ್ಯ ವಿಮೆ ಕೇಳಿ, ವಿಮಾ ಮೊತ್ತವನ್ನೂ ಬರೆಸಿ.

ಮಾತುಕತೆ ಎಳೆದರೂ ಹಳೆ ಒಪ್ಪಂದ ಮುಗಿದ ಮರುದಿನದಿಂದಲೇ ಬಾಕಿ ಸಿಗುವಂತೆ ಷರತ್ತಿರಲಿ. ಸಹಿ ಕಾರ್ಮಿಕ ಇಲಾಖೆಯ ಲೇಬರ್ ಆಫೀಸರ ಸಂಧಾನದಲ್ಲಿ ಆಗಲಿ. ಆಗ ಸಂಘಕ್ಕೆ ಸೇರದವರಿಗೂ ಅದು ಅನ್ವಯಿಸುತ್ತದೆ.