ಪ್ರತಿಕ್ರಿಯೆ: ಮಣ್ಣು ಹಾಕಿದರೂ ಎಣ್ಣೆ ಕೆಂಪಾಗಿದ್ದೇಕೆ?

ಪುಣೆಯ ಹಡಪಸರದಲ್ಲಿ ಸಣ್ಣ ಗಿರಣಿ ನಡೆಸುವ ತಾವು, ಬ್ಲೀಚಿಂಗ್ ಮಣ್ಣು (ಎಣ್ಣೆಯ ಬಣ್ಣ ಹೀರಿಕೊಳ್ಳುವ ಜೇಡಿಮಣ್ಣಿನ ಪುಡಿ) ಹಾಕಿ ತೆರೆದ ಕಡಾಯಿಯಲ್ಲಿ ಕಾಯಿಸಿದ ಶೇಂಗಾ ಎಣ್ಣೆ ತಿಳಿಯಾಗುವ ಬದಲು ಕೆಂಪಾಯಿತು ಏಕೆ ಎಂದು ಕೇಳಿದ್ದೀರಿ. ತಪ್ಪು ಮಣ್ಣಿನದಲ್ಲ ಸರ್, ಗಾಳಿಯದು. ಕಾದ ಎಣ್ಣೆಗೆ ಗಾಳಿ ತಗುಲಿದರೆ ಬಣ್ಣ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಎಷ್ಟು ಮಣ್ಣು ಸುರಿದರೂ ಬಿಡುವುದು ಕಷ್ಟ. ನವಿ ಮುಂಬಯಿಯ ಕಾರ್ಖಾನೆಯಲ್ಲಿ ನಾವು ಗಾಳಿ ಹೀರಿ ತೆಗೆದ ಮುಚ್ಚಿದ ಪಾತ್ರೆಯಲ್ಲಿ, ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಲಕುತ್ತೇವೆ. ಮಣ್ಣು ಎಣ್ಣೆಯ ತೂಕದ ಶೇ 1ರ ಆಸುಪಾಸು ಸಾಕು.

ಅದಕ್ಕೂ ಮೊದಲು ಎಣ್ಣೆಯಲ್ಲಿನ ಅಂಟು, ಸಾಬೂನಿನಂಶ ಹೋಗಿರಲೇಬೇಕು. ಉಳಿದರೆ ಮಣ್ಣಿನಲ್ಲಿ ಬಣ್ಣ ಅಂಟಿಕೊಳ್ಳಬೇಕಾದ ಜಾಗವನ್ನು ಅವೇ ಆಕ್ರಮಿಸುತ್ತವೆ.

ಸೋಸುವಾಗ ಮೊದಲು ಇಳಿಯುವ ಎಣ್ಣೆ ಕದಡಿರುತ್ತದೆ. ಬಟ್ಟೆಯ ಮೇಲೆ ಮಣ್ಣಿನ ಪದರ ಕಟ್ಟಿದ ಮೇಲೆಯೇ ಗಾಜಿನಂತೆ ತಿಳಿಯಾಗಿ ಇಳಿಯುವುದು. ಆ ಮೊದಲ ಎಣ್ಣೆಯನ್ನು ಮತ್ತೆ ಪಾತ್ರೆಗೇ ಸುರಿಯಿರಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಸೋಸಿ ಉಳಿದ ಮಣ್ಣನ್ನು ಗೋಣಿಯಲ್ಲಿ ತುಂಬಿ ರಾಶಿ ಹಾಕಬೇಡಿ. ಅದರಲ್ಲಿ ಉಳಿದ ಎಣ್ಣೆಗೆ ಗಾಳಿಯಾಡಿ, ಒಳಗೊಳಗೇ ಬಿಸಿಯೇರಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಒಂದು ಬೆಳಗಿನ ಜಾವ ಅಂಥ ಗೋಣಿಯಿಂದ ಹೊಗೆ ಏಳುವುದನ್ನು ನಾನೇ ಕಂಡಿದ್ದೇನೆ. ನೀರು ಚಿಮುಕಿಸಿ, ಗಿರಣಿಯಿಂದ ದೂರವಿಡಿ.