ವಿದೇಶಿ ಮಳೆಮಾಪಕ ತರಿಸುವ ಮುನ್ನ

ತೀರ್ಥಹಳ್ಳಿಯ ಅಡಿಕೆ ತೋಟಕ್ಕೆ ಅಮೆರಿಕದ ಆನ್‌ಲೈನ್ ಮಳಿಗೆಯಿಂದ ನಿಸ್ತಂತು ಮಳೆಮಾಪಕ ತರಿಸಬಹುದೇ ಎಂದು ಕೇಳಿದ್ದೀರಿ. ಬೆಲೆಗಿಂತ ಮೊದಲು, ಅದು ಅಳತೆಯನ್ನು ಕಳುಹಿಸಲು ಬಳಸುವ ರೇಡಿಯೋ ಆವರ್ತನವನ್ನು ನೋಡಿರಿ. ಅಲ್ಲಿನ ಅನೇಕ ಮಾದರಿಗಳು 915 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ; ನಮ್ಮಲ್ಲಿ 865 ಮೆಗಾಹರ್ಟ್ಸ್‌ನ ಆವರ್ತನ ಶ್ರೇಣಿಯನ್ನು ಪರವಾನಗಿಯಿಲ್ಲದೆ ಬಳಸಬಹುದಾದರೂ 915ಕ್ಕೆ ಆ ವಿನಾಯಿತಿಯಿಲ್ಲ.

ಹೊಸನಗರದ ನಮ್ಮ ಮನೆಗೆ ನಾನು ತರಿಸಿದ ಮಾಪಕದ ಸಂವೇದಕ ಮೊದಲ ಮಳೆಗಾಲದಲ್ಲೇ ತೇವ ಹಿಡಿದು ಕೆಟ್ಟಿತು. ವಾರಂಟಿ ಇತ್ತು, ಆದರೆ ಹಿಂದಕ್ಕೆ ಕಳುಹಿಸುವ ವೆಚ್ಚ ನನ್ನದೇ ಎಂದು ಮಾರಾಟಗಾರರು ತಿಳಿಸಿದ್ದರಿಂದ, ಸಾಧನದ ಅರ್ಧದಷ್ಟು ಬೆಲೆಯನ್ನು ಕೊರಿಯರ್‌ಗೇ ತೆರಲು ಮನಸ್ಸಾಗದೆ ಅದನ್ನು ಕೈಬಿಟ್ಟೆ. ಆ ಬೇಸರ ಇನ್ನೂ ಹೋಗಿಲ್ಲ.

ಆಮದು ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲದೆ ಸಾಗಣೆ, ವಿಮೆಗಳನ್ನೂ ಸೇರಿಸಿದ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಸುಂಕ ಉಳಿಸಲು ಅಲ್ಲಿರುವ ನೆಂಟರಿಂದ ಉಡುಗೊರೆಯೆಂದು ಕಳುಹಿಸಿಕೊಳ್ಳುವ ಯೋಚನೆಯನ್ನು ದಯವಿಟ್ಟು ಬಿಡಿ: 2019ರ ಡಿಸೆಂಬರ್‌ನಿಂದ ಅಂಚೆ, ಕೊರಿಯರ್ ಮೂಲಕ ಸುಂಕವಿಲ್ಲದೆ ಉಡುಗೊರೆಯಾಗಿ ಬರುವ ಆಮದನ್ನು, ರಾಖಿ ಮತ್ತು ಜೀವರಕ್ಷಕ ಔಷಧಿಗಳ ಹೊರತು, ನಿಷೇಧಿಸಲಾಗಿದೆ.

ಅಳತೆ ಇಂಚಿನಿಂದ ಮಿಲಿಮೀಟರ್‌ಗೆ ಬದಲಾಗುತ್ತದೆಯೇ ಎಂದೂ ವಿಚಾರಿಸಿ. ನಮ್ಮ ಕಡೆಯ ಮಳೆಗೆ, ದುರಸ್ತಿಗೆ ಕೈಗೆಟುಕುವಂತೆ ಶಿವಮೊಗ್ಗ ಅಥವಾ ಬೆಂಗಳೂರಿನಲ್ಲಿ ದೊರೆಯುವ ಮಾಪಕವೇ ಮೇಲು ಎಂಬುದು ನನ್ನ ಅಭಿಪ್ರಾಯ.