ಮದುವೆ ಮನೆಗೆ ಡ್ರೋನ್ ತರುವ ಮುಂಚೆ

ಪ್ರಶ್ನೆ: ನನ್ನ ಹತ್ರ ಒಂದು ಸಣ್ಣ ಡ್ರೋನ್ ಇದೆ. ಇಷ್ಟು ದಿನ ನಮ್ಮ ತೋಟದ ಮೇಲೆ ಸುಮ್ನೆ ಹಾರಿಸುತ್ತಿದ್ದೆ. ಈಗ ಊರಿನವರು ದುಡ್ಡು ಕೊಡ್ತೀವಿ, ಮದುವೆ ವಿಡಿಯೋ ಮಾಡಿಕೊಡು ಅಂತಿದ್ದಾರೆ. ಲೈಸೆನ್ಸ್ ಬೇಕಾ? ಜೋಗಕ್ಕೂ ಒಯ್ಯಬಹುದಾ?
- ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಡ್ರೋನನ್ನು ತೂಕ ಮಾಡಿ. ಬ್ಯಾಟರಿ, ಮೆಮೊರಿ ಕಾರ್ಡ್ ಎಲ್ಲ ಸೇರಿಸಿ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೋ. ನ್ಯಾನೋಗೆ ಪೈಲಟ್ ಸರ್ಟಿಫಿಕೇಟ್, ಅಂದರೆ ನೀವು ಕೇಳಿದ ಲೈಸೆನ್ಸ್, ಬೇಡ. ಮೈಕ್ರೋ ಆದರೆ ಹವ್ಯಾಸಕ್ಕೆ ಹಾರಿಸುವಾಗ ಬೇಡ, ಮದುವೆಯವರ ಹತ್ರ ದುಡ್ಡು ತಗೊಂಡರೆ ಬೇಕೇ ಬೇಕು. ನಮ್ಮ ಪರಿಚಯದ ಹುಡುಗನೊಬ್ಬನ ಡ್ರೋನ್ ಪೆಟ್ಟಿಗೆ ಮೇಲೆ 249 ಗ್ರಾಂ ಅಂತಿತ್ತು, ರೆಕ್ಕೆಗೆ ಗಾರ್ಡ್ ಸಿಕ್ಕಿಸಿ ಅಡುಗೆಮನೆ ತಕ್ಕಡಿ ಮೇಲೆ ಇಟ್ಟರೆ 280 ದಾಟಿತು. ಪಾಪ, ಅವನಿಗೆ ಗೊತ್ತೇ ಇರಲಿಲ್ಲ.

ಸರ್ಟಿಫಿಕೇಟಿಗೆ 18 ವರ್ಷ ಆಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಒಪ್ಪಿದ ಸಂಸ್ಥೆಯಲ್ಲಿ ತರಬೇತಿ ಪಡೆಯಬೇಕು. ನೋಂದಣಿ ಸಂಖ್ಯೆ ನ್ಯಾನೋ ಸೇರಿ ಎಲ್ಲ ಡ್ರೋನಿಗೂ ಬೇಕು, 250 ಗ್ರಾಂ ಮೀರಿದರೆ ಥರ್ಡ್ ಪಾರ್ಟಿ ವಿಮೆಯೂ ಬೇಕು. ವಿಮೆ ದಂಡ ಅಂದುಕೊಳ್ಳಬೇಡಿ. ಚಪ್ಪರದ ಕೆಳಗೆ ನೂರಾರು ಜನ ಊಟಕ್ಕೆ ಕೂತಿರುತ್ತಾರೆ, ಮಕ್ಕಳು ಓಡಾಡುತ್ತಿರುತ್ತಾರೆ, ಅದು ಯಾರ ತಲೆ ಮೇಲಾದರೂ ಬಿದ್ದರೆ? ಜನರ ನೆತ್ತಿ ಮೇಲೆ ಹಾರಿಸಲೇಬೇಡಿ, ಅಂಗಳದ ಅಂಚಿನಿಂದ ತೆಗೆಯಿರಿ.

ತೂಕ ಆದಮೇಲೆ ಜಾಗ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿದ್ದರೆ 400 ಅಡಿವರೆಗೆ ಅನುಮತಿ ಬೇಡ. ಹಳದಿಯಲ್ಲಿ ವಿಮಾನ ನಿಯಂತ್ರಣದವರ ಅನುಮತಿ, ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದು. ಮದುವೆ ಶಿವಮೊಗ್ಗ ಕಡೆ ಇದ್ದರೆ ಸೋಗಾನೆ ವಿಮಾನ ನಿಲ್ದಾಣ ನೆನಪಿರಲಿ, 2023ರಲ್ಲಿ ಶುರುವಾಯ್ತಲ್ವಾ. ಅದರ ಗಡಿಯಿಂದ 8ರಿಂದ 12 ಕಿ.ಮೀ. ಒಳಗೆ 200 ಅಡಿ ಮಾತ್ರ, ಇನ್ನೂ ಹತ್ತಿರ ಹೋದರೆ ಅನುಮತಿ ಇಲ್ಲದೆ ನೆಲದಿಂದ ಮೇಲೇಳಿಸುವಂತಿಲ್ಲ. ನಕ್ಷೆ ಬದಲಾಗುತ್ತಿರುತ್ತದೆ, ಹಾರಿಸುವ ದಿನ ಬೆಳಿಗ್ಗೆಯೇ ನೋಡಿ.

ಜೋಗಕ್ಕೆ ಒಯ್ಯುವುದು ಬೇಡ ಅಂತಲೇ ನನ್ನ ಮಾತು. ಸುತ್ತ ಶರಾವತಿ ಕಣಿವೆ ಅಭಯಾರಣ್ಯ, ಪಕ್ಕದಲ್ಲೇ ಲಿಂಗನಮಕ್ಕಿ ಅಣೆಕಟ್ಟು, ವಿದ್ಯುತ್ ಕೇಂದ್ರ. ಸಿಂಗಳೀಕಗಳಿರುವ ಕಾಡು ಅದು, ಆ ಸದ್ದಿಗೆ ಅವು ಬೆದರುತ್ತವೆ. ತೆಗೆಯಲೇಬೇಕು ಅಂದರೆ ಮೊದಲು ಅರಣ್ಯ ಇಲಾಖೆಗೂ ಜಿಲ್ಲಾಡಳಿತಕ್ಕೂ ಅರ್ಜಿ ಕೊಟ್ಟು, ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆ ಹೊರಡಿ.